ಅಲ್ಪ ವೆಚ್ಚದಲ್ಲಿ ಪುಷ್ಟಿಯಾದ ಊಟ

ಕೈಯಲ್ಲಿ ಹಣ ಕಡಮೆಯಿರುವ ಸಂಸಾರವು ಊಟದ ವಿಷಯದಲ್ಲಿ ಹೇಗೆ ನಡೆದುಕೊಂಡರೆ ಮನೆಯವರ ಆರೋಗ್ಯ ಕೆಡದೆ ಉಳಿದೀತು ಎಂಬುದು ನಾವು ಇಂದು ತಮ್ಮೊಡನೆ ವಿಚಾರಮಾಡಬೇಕೆಂದಿರುವ ವಿಷಯ. ವಿಷಯವೇನೋ ಹಳೆಯದು, ಇದನ್ನು ಕುರಿತು ಉಪದೇಶ ಮಾಡದವರಿಲ್ಲ. ಹಾಲು ಕುಡಿಯಿರಿ, ಹಣ್ಣು ತಿನ್ನಿರಿ, ಬಾದಾಮಿಯನ್ನು ನೆನೆಯಿಟ್ಟು ಬೆಳಗ್ಗೆ ತಿನ್ನಿರಿ ಎನ್ನುವವರು ಬಹುಮಂದಿ. ಅವೆಲ್ಲ ಸರಿಯಾದ ಮಾತುಗಳೇ. ಆದರೆ ತಿಂಗಳ ಇಪ್ಪತ್ತನೆಯ ತಾರೀಖಿಗೆ ಬರಿದಾಗುವ ಕೈಗೆ ಅವುಗಳಿಂದ ಆಗತಕ್ಕ ಪ್ರಯೋಜನವೇನು? ಇನ್ನು ಕೆಲವರು ಇದಕ್ಕೆ ತೀರ ವಿರುದ್ಧ. ಬಡವರ ಊಟವೇ ಅಮೃತವೆಂದು ಹೊಗಳಿ ತಾವು ಮಾತ್ರ ಬೇರೆ ಊಟ ಮಾಡುತ್ತಾರೆ. ನಾವು ಈ ಎರಡು ಪಕ್ಷಕ್ಕೂ ಸೇರದೆ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಅಗ್ಗದ ಊಟದಲ್ಲಿ ಎರಡು ಬಗೆ ಉಂಟು. ಹೊಟ್ಟೆಯನ್ನು ತುಂಬಿಸಿ ಮೈಯನ್ನು ಬಡವಾಗಿಸುವುದು ಒಂದು; ಮೈಗೆ ಹತ್ತುವುದು ಇನ್ನೊಂದು. ಮೊದಲನೆಯ ಬಗೆಗೆ ಚರಿತ್ರೆಯಲ್ಲಿ ಒಂದು ಕಠೋರವಾದ ನಿದರ್ಶನವಿದೆ. 1876-78ರ ಮಹಾಕ್ಷಾಮವು ಮೈಸೂರು ಸಂಸ್ಥಾನವನ್ನೂ ಮದರಾಸು ಪ್ರಾಂತವನ್ನೂ ಹಾಳುಗೆಡಹಿದ್ದು ತಮಗೆ ತಿಳಿದೇ ಇದೆ. ಆಗ ಮದರಾಸಿನ ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಿಷ್ಟು ಚಿಲ್ಲರೆ ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಅವರು 1877ರ ಮೊದಲಲ್ಲಿ ಗೊತ್ತುಮಾಡಿದರು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ. ಅಷ್ಟು ಅಕ್ಕಿಯಿಂದ ಹುಟ್ಟುವ ಶಕ್ತಿ 1,600 ಕ್ಯಾಲೊರಿಗಳಷ್ಟು. ಕುಳಿತು ಕೆಲಸಮಾಡುವ ಗಂಡಸಿಗೇ 2,100 ಬೇಕೆಂಬುದು ಈಗಿನ ಗಣನೆ. ಕಲ್ಲೊಡೆದು ಮಣ್ಣು ಹೊರುವವನ ಪಾಡೇನು? ಮದರಾಸಿನ ಆರೋಗ್ಯಾಧಿಕಾರಿಗಳಾಗಿದ್ದ ಡಾಕ್ಟರ್ ಕಾರ್ನಿಷ್ ಅವರು ಇದನ್ನು ಬಲವಾಗಿ ಪ್ರತಿಭಟಿಸಿದರು. ಧಾನ್ಯ ಸಾಲದು ಎಂದಷ್ಟೇ ಅವರು ಹೇಳಲಿಲ್ಲ. ಧಾನ್ಯದೊಡನೆ ಬೇಳೆಯೂ ತರಕಾರಿಯೂ ಇಲ್ಲದಿದ್ದರೆ ಅದು ಊಟವೇ ಆಗುವುದಿಲ್ಲ ಎಂದರು. ಕೆಲವು ತಿಂಗಳಲ್ಲಿ ಆ ಅಳತೆಯನ್ನು ಹಿಂದೆಗೆದುಕೊಳ್ಳಬೇಕಾಯಿತು.

ಕ್ಷಾಮದ ಮಾತನ್ನು ಇಲ್ಲಿ ಏಕೆ ತಂದೆವೆಂದರೆ, ಧಾನ್ಯವೊಂದನ್ನೇ ಅಳೆದು ಅದನ್ನು ಊಟವೆಂದು ಕರೆಯುವ ರೂಢಿ ಕಾಮಗಾರಿಗಳಲ್ಲಿ ಮಾತ್ರವಲ್ಲ, ನಮ್ಮ ಅಡುಗೆಮನೆಗಳಲ್ಲಿಯೂ ಉಂಟು. ಹಣದ ಮುಗ್ಗಟ್ಟು ಬಂದಾಗ ಅನ್ನ ಕಡಮೆಯಾಗುವುದಿಲ್ಲ, ಸಾರು ತಿಳಿಯಾಗುತ್ತದೆ. ಕಾಫಿ ನಿಲ್ಲುವುದಿಲ್ಲ, ಮಕ್ಕಳ ಹಾಲಿಗೆ ನೀರು ಸೇರುತ್ತದೆ. ತರಕಾರಿಯ ಬದಲು ಉಪ್ಪಿನಕಾಯಿ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, 2,000 ಕ್ಯಾಲೊರಿಯ ದಿನದ ಆಹಾರಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪೂ ಸೇರಿದಂತೆ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರು ಎಂದು ಹೇಳಿದೆ. ಇದಲ್ಲದೆ ಕಡಲೆಕಾಯಿ ಮೊದಲಾದ ಬೀಜಗಳೂ ಸ್ವಲ್ಪ ಎಣ್ಣೆಯೂ ಉಂಟು. ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾದುದಿಲ್ಲ. ಮೂರು ಹಿಡಿ ಅಕ್ಕಿಗೆ ಒಂದು ಹಿಡಿ ಬೇಳೆ ಎಂಬಷ್ಟನ್ನು ನೆನಪಿನಲ್ಲಿಟ್ಟರೆ ಸಾಕು. ಈ ಲೆಕ್ಕದಂತೆ ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ ಹತ್ತು ಕಿಲೋ ಬೇಳೆಕಾಳು ಬೇಕು. ಮಕ್ಕಳ ಪಾಲನ್ನು ಸ್ವಲ್ಪ ತಗ್ಗಿಸಿದರೂ, ಮೊಟ್ಟೆ ಮೀನು ತಿನ್ನುವ ಮನೆಗಳಲ್ಲಿ ಇನ್ನಷ್ಟು ತಗ್ಗಿಸಿದರೂ, ಪಟ್ಟಣದ ಮನೆಯ ಸಾಮಾನಿನ ಚೀಟಿಯಲ್ಲಿ ಅದರ ಹತ್ತಿರದ ಅಂಕಿಯನ್ನು ಕಾಣುವುದು ಅಪೂರ್ವವೇ.

ತೊಗರಿಬೇಳೆಯ ಬೆಲೆ ಬಲ್ಲವರು ಈ ಮಾತಿಗೆ ನಕ್ಕಾರು. ಅವರಿಗೆ ನಾವು ಹುರುಳಿಯನ್ನು ನೆನಪಿಸುತ್ತೇವೆ. ಕುದುರೆಯ ಹೆಸರನ್ನು ತಗುಲಿಸಿಕೊಂಡು, ಎತ್ತಿಗೆ ಬೇಯಿಸಿ ಹಾಕುವ ಕಾಳೆಂದು ಪಟ್ಟಣದವರಿಂದ ತಿರಸ್ಕೃತವಾದ ಈ ಕಾಳಿನಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಸಸಾರಜನಕವಿದೆ, ಅಂದರೆ ತೊಗರಿಬೇಳೆಯಲ್ಲಿರುವಷ್ಟೇ. ಸುಣ್ಣದ ಅಂಶವಂತೂ ತೊಗರಿಗಿಂತ ಬಹು ಹೆಚ್ಚು. ಬೆಲೆ ಸಾಮಾನ್ಯವಾಗಿ ಕಡಮೆ. ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿದರೆ ಅದು ಬೇಗ ಬೇಯುತ್ತದೆ, ಜೀರ್ಣಕ್ಕೂ ಸುಲಭವಾಗುತ್ತದೆ, ಕಾಳಿನಲ್ಲಿ ಇಲ್ಲದಿದ್ದ ಸಿ ಜೀವಸತ್ವ ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ. ಒಂದು ಕಾಸೂ ಖರ್ಚಿಲ್ಲದೆ, ಬರಿಯ ನೀರು ಬಟ್ಟೆಗಳಿಂದ, ಕೊಂಡ ಪದಾರ್ಥದ ಗುಣ ಹೆಚ್ಚುವ ಉಪಾಯಗಳು ಅಡುಗೆಯಲ್ಲಿ ಹೆಚ್ಚಿಲ್ಲ. ಹುರುಳಿ ಉಷ್ಣವೆನ್ನುವವರು ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯಲಿ; ಸಾರನ್ನು ಮಾತ್ರ ಬಿಡುವುದು ಬೇಡ.

ಕಾಳಿನ ಜೊತೆಗೆ ರಾಗಿ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ನಡೆದ ವ್ಯಾಜ್ಯವನ್ನು ತಾವೆಲ್ಲರೂ ಬಲ್ಲಿರಿ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಕಂದಿತು, ರಾಗಿ ಗಟ್ಟಿಯಾಗಿ ಉಳಿಯಿತು. ತೀರ್ಪು ರಾಗಿಯ ಕಡೆಗಾಯಿತು. ಸುಣ್ಣದ ಅಂಶದ ಲೆಕ್ಕವನ್ನು ಸಾಕ್ಷ್ಯವಾಗಿ ಹಾಜರುಪಡಿಸಿದ್ದರೆ ಆ ಮೊಕದ್ದಮೆ ಅಷ್ಟು ದಿನ ಎಳೆಯುತ್ತಿರಲಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಇರುವ ಸುಣ್ಣದ ಅಂಶ 10 ಮಿಲಿಗ್ರಾಂ ಮಾತ್ರ. ಅಷ್ಟೇ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲು. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂದಿರುವುದರಿಂದ, ಒಂದು ಹೊತ್ತಿನ ಮುದ್ದೆಯೇ ಅದರ ಕಾಲು ಪಾಲಿಗೂ ಹೆಚ್ಚನ್ನು ಒದಗಿಸೀತು. ರಾಗಿಯಲ್ಲಿರುವುದೆಲ್ಲ ಮೈಗೆ ಸೇರುವುದಿಲ್ಲವೆಂಬುದೂ ನಿಜ. ಕಾಳಿನ ಹೊರಪದರದ ಕೆಲವು ಪದಾರ್ಥಗಳು ಅದನ್ನು ತಡೆಹಿಡಿಯುತ್ತವೆ. ಅದಕ್ಕೂ ಮದ್ದು ಮೊಳಕೆಯೇ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ, ಎಳೆಯ ಮಕ್ಕಳಿಗೆ ಸರಿ ಮಾಡಿ ಉಣಿಸುತ್ತಿದ್ದ ನಮ್ಮ ಅಜ್ಜಿಯರು ಕಾರಣವನ್ನು ಹೇಳಲಾರದಿದ್ದರೂ ಕಾರ್ಯವನ್ನು ಸರಿಯಾಗಿಯೇ ಮಾಡುತ್ತಿದ್ದರು.

2023ನೆಯ ವರ್ಷವನ್ನು ವಿಶ್ವಸಂಸ್ಥೆಯವರು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಬಳಿಕ ಪಟ್ಟಣಗಳಲ್ಲಿ ರಾಗಿಗೆ ಮರ್ಯಾದೆ ಬಂದಿದೆ. ಸಂತೋಷ. ಆದರೆ ಮರ್ಯಾದೆಯೊಡನೆ ಬಣ್ಣದ ಪೊಟ್ಟಣವೂ ಬಂದಿದೆ. ರಾಗಿಯ ಹೆಸರಿನ ಬಿಸ್ಕತ್ತು ಕೊಳ್ಳುವವರು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರವನ್ನು ಓದಿಕೊಳ್ಳುವುದು ಮೇಲು. ರಾಗಿಗಿಂತ ಮೊದಲು ಮೈದಾಹಿಟ್ಟೂ ಸಕ್ಕರೆಯೂ ಅಲ್ಲಿ ಕುಳಿತಿರುವುದುಂಟು.

ಅಕ್ಕಿ ಕೀಳೆಂಬುದು ನಮ್ಮ ಅಭಿಪ್ರಾಯವಲ್ಲ. ಅಕ್ಕಿಯನ್ನು ನಾವು ಕೆಡಿಸಿಕೊಳ್ಳುವ ರೀತಿ ಮಾತ್ರ ವಿಚಾರಮಾಡತಕ್ಕದ್ದು. ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ಚರ ವೈದ್ಯರು 1890ರ ದಶಕದಲ್ಲಿ ಕೋಳಿಗಳಿಗೆ ಹೊಳಪು ಕೊಟ್ಟ ಬಿಳಿಯ ಅಕ್ಕಿಯನ್ನೇ ಹಾಕುತ್ತ ಬಂದಾಗ ಅವುಗಳ ಕಾಲು ಬಿದ್ದುಹೋದುವು. ತೌಡು ಸೇರಿಸಿದಾಗ ಮತ್ತೆ ಎದ್ದು ನಿಂತುವು. ಮನುಷ್ಯರಲ್ಲಿ ಬೆರಿಬೆರಿ ಎಂಬ ರೋಗದ ಮೂಲ ಹೀಗೆ ಗೊತ್ತಾಗುತ್ತ ಬಂದಿತು. ಆ ಕೆಲಸಕ್ಕಾಗಿ 1929ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ನಮ್ಮ ದೇಶದಲ್ಲಿ ಈ ರೋಗ ನೆಲೆಸಿದ್ದುದು ಮುಖ್ಯವಾಗಿ ಆಂಧ್ರದ ಉತ್ತರ ಕರಾವಳಿಯಲ್ಲಿ. ಅಲ್ಲಿನ ಜನ ಉಣ್ಣುತ್ತಿದ್ದುದು ಗಿರಣಿಯ ಬೆಳ್ತಿಗೆ ಅಕ್ಕಿ. ಕುಚ್ಚಲಕ್ಕಿ ಉಣ್ಣುವ ಕಡೆಗಳಲ್ಲಿ ರೋಗ ಅಪರೂಪವಾಗಿತ್ತು. ಬತ್ತವನ್ನು ಸಿಪ್ಪೆಯೊಡನೆಯೇ ಬೇಯಿಸಿದಾಗ ಹೊರಪದರದ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆ ಮೇಲೆ ಗಿರಣಿ ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ದಕ್ಷಿಣ ಕನ್ನಡದವರ ಗಂಜಿಯೂಟವನ್ನು ಘಟ್ಟದ ಮೇಲಿನ ನಾವು ಹಾಸ್ಯಮಾಡುವುದನ್ನು ಬಿಡುವುದಕ್ಕೆ ಇದೊಂದೇ ಕಾರಣ ಸಾಕು.

ಬೆಳ್ತಿಗೆ ಅಕ್ಕಿಯನ್ನೇ ಉಣ್ಣುವವರು ಅದನ್ನು ನಾಲ್ಕಾರು ಸಲ ಉಜ್ಜಿ ತೊಳೆದು, ಹೆಚ್ಚು ನೀರಿನಲ್ಲಿ ಬೇಯಿಸಿ, ಗಂಜಿ ಬಸಿದು ಚೆಲ್ಲಿದರೆ, ಗಿರಣಿಯವನು ದಯೆಯಿಂದ ಉಳಿಸಿದ್ದನ್ನೂ ಚರಂಡಿಗೆ ಕೊಟ್ಟಂತಾಗುತ್ತದೆ. ಒಂದೆರಡು ಸಲ ಹಗುರವಾಗಿ ತೊಳೆದು, ಇಂಗುವಷ್ಟೇ ನೀರಿಟ್ಟು ಬೇಯಿಸುವುದು ಲೇಸು. ಬಸಿದ ನೀರನ್ನು ಹೇಗೆ ಆದರಿಸಬೇಕೆಂಬುದನ್ನು ಹಳೆಯ ಮೈಸೂರಿನ ಹಳ್ಳಿಯ ಅಡುಗೆಯಿಂದ ಕಲಿಯಬೇಕು. ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿದು, ಗಟ್ಟಿಯನ್ನು ಪಲ್ಯವಾಗಿಯೂ ಬಸಿದ ನೀರನ್ನು ಸಾರಾಗಿಯೂ ಮಾಡುವ ಬಸ್ಸಾರು ಪೋಷಣಶಾಸ್ತ್ರದ ಯಾವ ಪರೀಕ್ಷೆಯಲ್ಲಿಯೂ ಸೋಲುವಂಥದಲ್ಲ. ರಾಗಿಮುದ್ದೆ, ಹುರುಳಿಯೋ ಅಲಸಂದೆಯೋ ಸೇರಿದ ಸೊಪ್ಪಿನ ಬಸ್ಸಾರು, ಮೇಲೆ ಮಜ್ಜಿಗೆ. ಇಷ್ಟಾದರೆ ಮೇಲೆ ಹೇಳಿದ ಪಟ್ಟಿಯ ಬಹುಭಾಗ ಒಂದೇ ಹೊತ್ತಿನಲ್ಲಿ ತೀರುತ್ತದೆ.

ಸೊಪ್ಪಿನ ವಿಷಯದಲ್ಲಿ ಪೇಟೆಯವರ ಪರಿಚಯ ಬಹು ಸಂಕೋಚವಾದದ್ದು. ಕೊತ್ತಂಬರಿ, ಮೆಂತ್ಯ, ಪಾಲಕ್, ಇಷ್ಟಕ್ಕೆ ಮುಗಿಯಿತು. ದಂಟು, ಹರಿವೆ, ಬಸಳೆ, ಹೊನಗೊನೆ, ಚಕ್ಕೋತ ಇವುಗಳ ಹೆಸರನ್ನು ತರಕಾರಿ ಮಾರುವ ಮುದುಕಿಯನ್ನು ಕೇಳಿ ತಿಳಿಯಬೇಕಾಗಿದೆ. ನುಗ್ಗೆಸೊಪ್ಪು ಎಷ್ಟೋ ಬೀದಿಗಳಲ್ಲಿ ಕೇಳುವವರಿಲ್ಲದೆ ಉದುರುತ್ತದೆ. ಅದರಲ್ಲಿ ಸುಣ್ಣದ ಅಂಶವೂ, ಕಣ್ಣಿಗೆ ಬೇಕಾದ ಎ ಜೀವಸತ್ವವನ್ನು ಮೈಯಲ್ಲಿ ಹುಟ್ಟಿಸುವ ಪದಾರ್ಥವೂ ಧಾರಾಳ. ಅದನ್ನು ಬಿಡಿಸುವುದು ತಾಳ್ಮೆಯ ಕೆಲಸವೆಂದು ಒಪ್ಪುತ್ತೇವೆ. ಆ ಕೆಲಸವನ್ನು ಗಂಡಸರೂ ಮಾಡಬಹುದು. ಪತ್ರಿಕೆ ಓದುತ್ತಲೇ ಮಾಡಬಹುದು.

ಹಣ್ಣಿನ ಮಾತು ಸಂಕ್ಷೇಪವಾಗಿಯೇ ಸಾಕು. ರೋಗಿಯನ್ನು ನೋಡಲು ಹೋಗುವವರು ಸೇಬನ್ನು ಒಯ್ಯುವುದು ಪದ್ಧತಿ. ಸೇಬಿನಲ್ಲಿ ಸಿ ಜೀವಸತ್ವ ಅತ್ಯಲ್ಪ. ನಮ್ಮ ಸೀಬೆಹಣ್ಣಿನಲ್ಲಿ 100 ಗ್ರಾಮಿಗೆ 200 ಮಿಲಿಗ್ರಾಮಿನಷ್ಟಿದೆ, ಕಿತ್ತಳೆಯದಕ್ಕಿಂತ ಹಲವು ಪಾಲು. ನೆಲ್ಲಿಕಾಯಿ ಅದನ್ನೂ ಮೀರಿಸುತ್ತದೆ. ನಿಂಬೆಹಣ್ಣು ವರ್ಷವೆಲ್ಲ ಸಿಕ್ಕುತ್ತದೆ. ಹಾಲನ್ನು ಸಾಕಷ್ಟು ಕೊಳ್ಳಲಾರದವರು ಇರುವಷ್ಟನ್ನು ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಮೀಸಲಿಟ್ಟು, ಉಳಿದವರು ಕಾಫಿಯಲ್ಲಿ ಅದನ್ನು ಕರಗಿಸದಿರುವುದು ಯುಕ್ತ. ಮೊಟ್ಟೆಗೆ ಅಭ್ಯಂತರವಿಲ್ಲದವರಿಗೆ ಅದರಷ್ಟು ಅಗ್ಗದ ಉತ್ತಮ ಆಹಾರ ಮತ್ತೊಂದಿಲ್ಲ. ಅಭ್ಯಂತರವಿರುವವರಿಗೆ ಕಡಲೆಕಾಯಿ ಉಂಟು. ಅದರ ನಾಲ್ಕನೆಯ ಒಂದು ಪಾಲು ಸಸಾರಜನಕವೇ. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದವರು ಬಡಮಕ್ಕಳ ಪುಷ್ಟಿಗಾಗಿ ಸಿದ್ಧಪಡಿಸಿದ ಬಹೂಪಯೋಗಿ ಹಿಟ್ಟಿನಲ್ಲಿ ಮುಕ್ಕಾಲು ಪಾಲು ಕಡಲೆಕಾಯಿಯ ಹಿಟ್ಟು, ಕಾಲು ಪಾಲು ಕಡಲೆಯ ಹಿಟ್ಟು ಇದ್ದುವು. ಹುರಿದ ಕಡಲೆಕಾಯಿ, ಹುರಿಗಡಲೆ, ಒಂದು ಚೂರು ಬೆಲ್ಲ ಇವುಗಳನ್ನು ಮಗುವಿನ ಜೇಬಿಗೆ ಹಾಕುವ ತಾಯಿ ಆ ಶೋಧನೆಯ ಸಾರವನ್ನೇ ಹಾಕಿದಂತಾಗುತ್ತದೆ. ಇದನ್ನು ಬಿಟ್ಟು, ಮಗು ಎತ್ತರವಾಗುವುದೆಂಬ ಆಸೆಯಿಂದ ಡಬ್ಬಿಯ ಪುಡಿಗೆ ತಿಂಗಳ ಹಾಲಿನ ಹಣವನ್ನು ಸುರಿಯುವವರಿದ್ದಾರೆ. ಇಂಥ ಪುಡಿಗಳಲ್ಲಿ ಸಕ್ಕರೆ ಬಹಳವಿರುವುದುಂಟು. ಇವನ್ನು ಆರೋಗ್ಯಪೇಯಗಳ ಪಂಕ್ತಿಯಿಂದ ತೆಗೆದುಹಾಕಬೇಕೆಂದು 2024ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದವರು ಜಾಲದ ಮೂಲಕ ವ್ಯಾಪಾರಮಾಡುವ ಕಂಪೆನಿಗಳಿಗೆ ತಿಳಿಸಿದರು.

ಇನ್ನು ಎಲ್ಲಕ್ಕಿಂತ ಕಷ್ಟವಾದ ಮಾತು. ಇಷ್ಟು ಹೊತ್ತು ಮನೆಗೆ ಏನು ಬರಬೇಕೆಂಬುದನ್ನು ಹೇಳಿದೆವು. ಬಂದದ್ದು ಯಾರ ತಟ್ಟೆಗೆ ಹೋಗುತ್ತದೆಂಬುದನ್ನು ಹೇಳಲಿಲ್ಲ. ಅನೇಕ ಮನೆಗಳಲ್ಲಿ ಗಂಡಸರೂ ಮಕ್ಕಳೂ ಉಂಡ ಮೇಲೆ ಗೃಹಿಣಿ ತಳದಲ್ಲಿ ಉಳಿದ ಅನ್ನಕ್ಕೆ ತಿಳಿಸಾರನ್ನು ಕಲಸಿಕೊಂಡು ಉಣ್ಣುತ್ತಾಳೆ. ಪಲ್ಯ ಮುಗಿದಿರುತ್ತದೆ, ಕಾಳು ಮುಗಿದಿರುತ್ತದೆ. ಮುಗ್ಗಟ್ಟಿನ ತಿಂಗಳಲ್ಲಿ ಉಳಿತಾಯವಾಗುವುದು ಅವಳ ತಟ್ಟೆಯಿಂದಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಕಬ್ಬಿಣದ ಅಂಶ ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ, ಹೆಂಗಸಿಗೆ 29 ಎಂದು ಶಾಸ್ತ್ರ ಹೇಳುತ್ತಿದೆ. ಹೆಚ್ಚು ಬೇಕಾದವಳಿಗೆ ಕಡಮೆ, ಕಡಮೆ ಬೇಕಾದವನಿಗೆ ಹೆಚ್ಚು. ಇದು ಬಡತನದಿಂದ ಬಂದದ್ದಲ್ಲ, ಬಡಿಸುವ ಕ್ರಮದಿಂದ ಬಂದದ್ದು. ಇದನ್ನು ಸರಿಪಡಿಸಲು ಹಣ ಬೇಕಾಗಿಲ್ಲ. ಎಲ್ಲರೂ ಒಟ್ಟಿಗೆ ಕುಳಿತುಣ್ಣಬಹುದು. ಅದು ಸಾಧ್ಯವಿಲ್ಲದ ಮನೆಯಲ್ಲಿ, ಬಡಿಸುವುದಕ್ಕೆ ಮೊದಲೇ ಅವಳ ಪಾಲಿನ ಪಲ್ಯವನ್ನೂ ಕಾಳನ್ನೂ ಬೇರೆ ಬಟ್ಟಲಿಗೆ ತೆಗೆದಿಟ್ಟು ಮುಚ್ಚಬಹುದು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣನ್ನು ಹಿಂಡಿಕೊಂಡರೆ ಅದರ ಕಬ್ಬಿಣದ ಅಂಶ ಮೈಗೆ ಹೆಚ್ಚಾಗಿ ಸೇರುತ್ತದೆ. ಊಟವಾದ ಕೂಡಲೆ ಕಾಫಿ ಟೀ ಕುಡಿದರೆ ಅದು ತಡೆಯುತ್ತದೆ. ಕಾಫಿಯನ್ನು ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ; ಊಟಕ್ಕೂ ಅದಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿರೆಂದು ಕೇಳಿಕೊಳ್ಳುತ್ತೇವೆ.

ಈಗಾಗಲೇ ರಕ್ತ ತೀರ ಕಡಮೆಯಾಗಿರುವವರಿಗೆ ಸೊಪ್ಪು ಕಾಳುಗಳಷ್ಟೇ ಸಾಲವು. ಮೆಟ್ಟಿಲು ಹತ್ತಿದರೆ ಏದುಸಿರು, ಕೆಲಸವಿಲ್ಲದೆಯೂ ಆಯಾಸ, ಬಿಳಿಚಿದ ಉಗುರು, ಇವುಗಳನ್ನು ಸಂಸಾರದ ದಣಿವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಬೇಕು. ಕಬ್ಬಿಣದ ಮಾತ್ರೆಗಳು ಸರ್ಕಾರದ ಆರೋಗ್ಯಕೇಂದ್ರಗಳಲ್ಲಿ ಬಿಟ್ಟಿಯಾಗಿ ದೊರೆಯುತ್ತವೆ. ಅವುಗಳನ್ನು ಕಾಫಿಯೊಡನೆ ನುಂಗದೆ ನೀರಿನೊಡನೆ ನುಂಗಬೇಕು. ಮಲ ಕಪ್ಪಾದರೆ ಹೆದರಿ ನಿಲ್ಲಿಸಬಾರದು. ವೈದ್ಯರು ಹೇಳಿದಷ್ಟು ತಿಂಗಳೂ ಬಿಡದೆ ತೆಗೆದುಕೊಳ್ಳಬೇಕು.