ಕಾವಲು ನಾಯಿಯ ಮಂಡಿ ರಜ್ಜು ಹರಿದಾಗ



ಹಸು, ಎಮ್ಮೆ, ಕುರಿಗಳ ರೋಗಗಳನ್ನು ಕುರಿತು ಪಶುವೈದ್ಯರನ್ನು ವಿಚಾರಿಸುವ ರೈತರು ನಾಯಿಯ ಬಗ್ಗೆ ಕೇಳುವುದು ಕಡಿಮೆ. ಆದರೂ ಮೊಸಳೆಯ ಸುತ್ತಮುತ್ತ ಹೊಲದಲ್ಲೇ ಮನೆ ಮಾಡಿಕೊಂಡವರಿಗೆ ರಾತ್ರಿಯ ಕಾವಲೆಂದರೆ ನಾಯಿಯೇ. ಅಂತಹ ನಾಯಿ ಒಂದು ದಿನ ಬದು ಹಾರಿ ಇಳಿದೊಡನೆ ಹಿಂಗಾಲೊಂದನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಕುಂಟುತ್ತಾ ಬರುತ್ತದೆ. ಗಾಯವಿಲ್ಲ, ಮುಳ್ಳು ಚುಚ್ಚಿಲ್ಲ, ಮೂಳೆ ಮುರಿದಂತೆಯೂ ಕಾಣುವುದಿಲ್ಲ. ಉಳುಕಿರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ವಾರಗಳಲ್ಲಿ ಕುಂಟು ಕಡಿಮೆಯಾಗುತ್ತದೆ; ಮತ್ತೆ ಓಡಿದೊಡನೆ ಮರುಕಳಿಸುತ್ತದೆ. ದೊಡ್ಡ ನಾಯಿಯಲ್ಲಿ ಹೀಗಾದರೆ ಮಂಡಿಯ ರಜ್ಜು ಹರಿದಿರುವ ಸಂಭವವೇ ಹೆಚ್ಚು.

ಮೊದಲು ಮಂಡಿ ಎಲ್ಲಿದೆ ಎಂಬುದನ್ನು ತಿಳಿಯಬೇಕು. ನಾಯಿಯ ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವ ಕೀಲನ್ನು ಅನೇಕರು ಮಂಡಿ ಎಂದು ತಿಳಿಯುತ್ತಾರೆ. ಅದು ವಾಸ್ತವವಾಗಿ ಹಿಮ್ಮಡಿ. ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಗೆ ಸಮೀಪದಲ್ಲಿದೆ. ಅದರೊಳಗೆ ಎರಡು ರಜ್ಜುಗಳು ಒಂದನ್ನೊಂದು ಅಡ್ಡ ಹಾಯ್ದು ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಕಟ್ಟಿಹಾಕಿವೆ. ಕಣಕಾಲಿನ ಮೂಳೆಯ ಮೇಲ್ತುದಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ನಾಯಿ ಕಾಲೂರಿದಾಗಲೆಲ್ಲ ಆ ಮೂಳೆ ಮುಂದಕ್ಕೆ ಜಾರಲೆತ್ನಿಸುತ್ತದೆ. ಅದನ್ನು ತಡೆಯುವುದು ಮುಂಭಾಗದ ರಜ್ಜು. ಆಟಗಾರರಲ್ಲಿ ಈ ರಜ್ಜು ಸಾಮಾನ್ಯವಾಗಿ ಒಂದೇ ಪೆಟ್ಟಿಗೆ ಹರಿಯುತ್ತದೆ. ನಾಯಿಯಲ್ಲಾದರೋ ತಿಂಗಳುಗಟ್ಟಲೆ ಹಗ್ಗದ ಎಳೆಗಳಂತೆ ಸವೆಯುತ್ತಾ ಬಂದು, ಕೊನೆಗೊಂದು ಸಣ್ಣ ಜಿಗಿತಕ್ಕೆ ಕಿತ್ತುಹೋಗುವುದೇ ಹೆಚ್ಚು. ಆದುದರಿಂದ ಬದುವನ್ನು ದೂರಿ ಫಲವಿಲ್ಲ. ಲ್ಯಾಬ್ರಡಾರ್, ರಾಟ್‌ವೀಲರ್ ತಳಿಗಳಲ್ಲಿಯೂ ಬೊಜ್ಜು ಬೆಳೆದ ನಾಯಿಗಳಲ್ಲಿಯೂ ಈ ತೊಂದರೆ ಹೆಚ್ಚು. ಗ್ರೇಹೌಂಡ್‌ನಂತಹ ಓಟದ ತಳಿಯಲ್ಲಿ ಅಪರೂಪ.

ರಜ್ಜು ಹರಿದ ನಾಯಿ ನೆಟ್ಟಗೆ ಕೂರುವುದಿಲ್ಲ, ನೋವಿನ ಕಾಲನ್ನು ಪಕ್ಕಕ್ಕೆ ಚಾಚಿ ಕೂರುತ್ತದೆ. ನಿಂತಾಗ ಬೆರಳ ತುದಿಯನ್ನಷ್ಟೇ ನೆಲಕ್ಕೆ ಸೋಕಿಸುತ್ತದೆ. ದಿನ ಕಳೆದಂತೆ ತೊಡೆಯ ಮಾಂಸ ಕರಗಿ, ಮಂಡಿಯ ಒಳಮಗ್ಗುಲು ದಪ್ಪವಾಗುತ್ತದೆ. ವೈದ್ಯರು ತೊಡೆಮೂಳೆಯನ್ನು ಹಿಡಿದು ಕಣಕಾಲಿನ ಮೂಳೆಯನ್ನು ಮುಂದಕ್ಕೆ ತಳ್ಳಿದರೆ ಅದು ಮೇಜಿನ ಡ್ರಾಯರಿನಂತೆ ಸರಿಯುತ್ತದೆ. ಇಲ್ಲೊಂದು ಎಚ್ಚರಿಕೆ: ಹಿಂಭಾಗವೇ ಸೋತು ಕಾಲೆಳೆಯುವ, ಜೊಲ್ಲು ಸುರಿಸುವ, ಬೊಗಳುವ ದನಿ ಬದಲಾದ ನಾಯಿಯನ್ನು ಮುಟ್ಟಬಾರದು. ಅದು ಹುಚ್ಚು ರೋಗವಾಗಿರಬಹುದು.

ಹದಿನೈದು ಕಿಲೋಗಿಂತ ಕಡಿಮೆ ತೂಕದ ನಾಯಿಗಳು ವಿಶ್ರಾಂತಿಯಿಂದಲೇ ಚೇತರಿಸಿಕೊಳ್ಳುವುದುಂಟು. ಅದಕ್ಕಿಂತ ಭಾರವಾದ, ಓಡಾಟದ ನಾಯಿಗೆ ಅದು ಸಾಲದು. ಸಡಿಲ ಮಂಡಿಯಲ್ಲಿ ಮೂಳೆಗಳ ನಡುವಿನ ಮೆತ್ತೆ ನಜ್ಜುಗುಜ್ಜಾಗಿ ಸಂಧಿವಾತ ಬೇಗ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ದಾರಿ. ಒಂದು, ಕೀಲಿನ ಹೊರಗಿನಿಂದ ದಪ್ಪ ನೈಲಾನ್ ದಾರ ಬಿಗಿದು ರಜ್ಜುವಿನ ಕೆಲಸವನ್ನು ಅದಕ್ಕೆ ವಹಿಸುವುದು. ಇನ್ನೊಂದು, ಕಣಕಾಲಿನ ಮೂಳೆಯ ಮೇಲ್ತುದಿಯನ್ನು ಕತ್ತರಿಸಿ, ಇಳಿಜಾರು ತಗ್ಗುವಂತೆ ತಿರುಗಿಸಿ, ಲೋಹದ ಪಟ್ಟಿ ಮತ್ತು ಸ್ಕ್ರೂಗಳಿಂದ ಕೂರಿಸುವುದು. ಅಮೆರಿಕದ ಬಾರ್ಕ್ಲೆ ಸ್ಲೋಕಂ ಎಂಬ ಪಶುವೈದ್ಯರು ಈ ವಿಧಾನವನ್ನು 1993ರಲ್ಲಿ ಪ್ರಕಟಿಸಿದರು. ಭಾರಿ ನಾಯಿಗೆ ಎರಡನೆಯದೇ ಮೇಲು. ಆದರೆ ವಿಶೇಷ ಉಪಕರಣ, ನುರಿತ ಕೈ, ಹೆಚ್ಚಿನ ಹಣ ಬೇಕು. ಊರಿನ ಪಶುವೈದ್ಯರಿಂದ ಚೀಟಿ ಪಡೆದು ಹಾಸನದ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಯಾವುದು ಸಾಧ್ಯವೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಷ್ಟವಿರುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಲ್ಲ, ನಂತರದ ಮೂರು ತಿಂಗಳಲ್ಲಿ. ನೋವು ತಗ್ಗಿದೊಡನೆ ನಾಯಿ ತಾನು ವಾಸಿಯಾದೆನೆಂದು ತಿಳಿಯುತ್ತದೆ. ಯಜಮಾನನೂ ಹಾಗೆಯೇ ತಿಳಿಯುತ್ತಾನೆ. ಸರಪಳಿ ಬಿಚ್ಚಿದ ಒಂದೇ ರಾತ್ರಿ ಹಂದಿಯ ಸದ್ದಿಗೆ ಹಾರಿದರೆ ದಾರ ಸಡಿಲಾಗಬಹುದು, ಸ್ಕ್ರೂ ಕಿತ್ತುಬರಬಹುದು. ಕತ್ತರಿಸಿದ ಮೂಳೆ ಕೂಡಲು ಸುಮಾರು ಎಂಟು ವಾರ ಬೇಕು. ಕೂಡಿದೆಯೆಂದು ಎಕ್ಸರೇ ಹೇಳಬೇಕೇ ಹೊರತು ನಾಯಿಯ ಬಾಲವಲ್ಲ. ಅಷ್ಟು ದಿನ ಕಟ್ಟಿಹಾಕಲು ಆಗದವರು ಶಸ್ತ್ರಚಿಕಿತ್ಸೆಗೆ ಮುನ್ನ ಇನ್ನೊಮ್ಮೆ ಯೋಚಿಸುವುದು ಲೇಸು.

ಕೊಟ್ಟಿಗೆಯ ಒಂದು ಮೂಲೆ ಸಾಕು, ನೆಲ ಮಾತ್ರ ಜಾರಬಾರದು, ಗೋಣಿತಾಟು ಹಾಸಬೇಕು. ಮೊದಲ ಎರಡು ವಾರ ಮಲಮೂತ್ರಕ್ಕಷ್ಟೇ ಗಿಡ್ಡ ಹಗ್ಗದಲ್ಲಿ ಹಿಡಿದು, ಹೊಟ್ಟೆಯಡಿಗೆ ಟವೆಲು ಕೊಟ್ಟು ಹೊರಗೆ ಕರೆದೊಯ್ಯಬೇಕು. ಗಾಯ ನೆಕ್ಕಲು ಬಿಡಬಾರದು. ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ತೆಗೆಯುತ್ತಾರೆ. ಆಮೇಲೆ ವೈದ್ಯರು ಹೇಳಿದಂತೆ ಐದು ನಿಮಿಷದ ನಿಧಾನ ನಡಿಗೆಯಿಂದ ಆರಂಭಿಸಿ ವಾರವಾರ ಹೆಚ್ಚಿಸಬೇಕು. ನಿಧಾನವಾಗಿ ನಡೆಸಿದರೇನೇ ನಾಯಿ ಕಾಲೂರುತ್ತದೆ. ಓಡಿಸಿದರೆ ಎತ್ತಿಕೊಂಡೇ ಓಡುತ್ತದೆ. ಕಟ್ಟಿದ ನಾಯಿಗೆ ಎಂದಿನಷ್ಟೇ ಮುದ್ದೆ ಹಾಕಿದರೆ ಕೊಬ್ಬುತ್ತದೆ, ಆದ್ದರಿಂದ ಆಹಾರ ತಗ್ಗಿಸಬೇಕು. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡ ಕೆಡಿಸಿ ಪ್ರಾಣಕ್ಕೇ ಎರವಾಗಬಲ್ಲವು.

ಒಂದು ಮಂಡಿಯ ರಜ್ಜು ಹರಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಇನ್ನೊಂದೂ ಹರಿಯುತ್ತದೆ. ವಾಸಿಯಾದ ಮೇಲೂ ಪಕ್ಕೆಲುಬು ಕೈಗೆ ಸಿಗುವಷ್ಟು ತೆಳ್ಳಗೆ ನಾಯಿಯನ್ನು ಇಟ್ಟುಕೊಂಡು, ಇನ್ನೊಂದು ಕಾಲಿನಲ್ಲಿ ಕುಂಟು ಕಂಡ ದಿನವೇ ಕಟ್ಟಿಹಾಕಿ ವೈದ್ಯರಿಗೆ ತೋರಿಸತಕ್ಕದ್ದು.