ಶೂನ್ಯಮಾಸದ ಸಂಬಳ

(ಶಿವಮೊಗ್ಗದಲ್ಲಿ ನಡೆದ ಶರಣ ಚಿಂತನಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಕಾಯಕ ಮತ್ತು ಇಂದಿನ ಬದುಕು’. ಇದರ ಮೇಲೆ ನಾನು ಹಿಂದೆಯೂ ಮಾತನಾಡಿದ್ದೇನೆ. ಕಳೆದ ಆಷಾಢದಲ್ಲಿ ಅಂಥದೇ ಒಂದು ಮಾತು ಮುಗಿಸಿ ದಾಸೋಹದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. “ಸಾರ್, ನಾನು ವೈರಿಂಗ್ ಕೆಲಸದವನು. ಭದ್ರಾವತಿಯಿಂದ ದಿನಾ ಇಲ್ಲಿಗೆ ಬರುತ್ತೇನೆ. ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಹತ್ತಿರ ತಿಂಗಳ ಸಂಬಳಕ್ಕಿದ್ದೇನೆ. ಈ ತಿಂಗಳು ಹನ್ನೊಂದು ದಿನ ಗೋಡೌನಿನಲ್ಲಿ ಸುಮ್ಮನೆ ಕೂತಿದ್ದೆ. ಮಾಲೀಕರು ಸಂಬಳ ಪೂರ್ತಿ ಕೊಟ್ಟರು. ಕಾಯಕ ಮಾಡದೆ ಉಣ್ಣಬಾರದು ಅಂತ ನೀವು ಈಗ ಹೇಳಿದಿರಿ. ನಾನು ಉಂಡದ್ದು ತಪ್ಪಾ?” ಎಂದು ಕೇಳಿದ.

ನಾನು ಅವನ ಬೆನ್ನು ತಟ್ಟಿ, “ನೀನು ಒಳ್ಳೆಯ ಹುಡುಗ, ಮೊದಲು ಪ್ರಸಾದ ತಗೋ” ಎಂದು ನುಣುಚಿಕೊಂಡೆ. ನನ್ನ ಹತ್ತಿರ ಉತ್ತರವಿರಲಿಲ್ಲ. ಒಂದು ವರ್ಷ ಆ ಪ್ರಶ್ನೆ ನನ್ನ ಜೊತೆಯಲ್ಲೇ ಇತ್ತು. ಇವತ್ತು ಅವನಿಗೆ ಉತ್ತರ ಕೊಡಲು ನಿಂತಿದ್ದೇನೆ. ನೀವೆಲ್ಲ ಸಾಕ್ಷಿ.

ಮೊದಲು, ಅವನು ಯಾಕೆ ಸುಮ್ಮನೆ ಕೂತಿದ್ದ ಎಂದು ನೋಡೋಣ. ಅವನು ಸೋಮಾರಿಯಲ್ಲ. ನಮ್ಮ ಮಲೆನಾಡಿನ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಡದ ಕೆಲಸ ಕುಂಟುತ್ತದೆ. ಸ್ಲ್ಯಾಬ್ ಹಾಕುವ ಮೊದಲು ಕರೆಂಟಿನ ಪೈಪ್ ಇಡಬೇಕು. ಸ್ಲ್ಯಾಬ್ ನಿಂತರೆ ಪೈಪೂ ನಿಲ್ಲುತ್ತದೆ. ಗೋಡೆ ಒಣಗದಿದ್ದರೆ ಬಣ್ಣದವನು ಬರುವುದಿಲ್ಲ, ಬಣ್ಣ ಆಗದಿದ್ದರೆ ಸ್ವಿಚ್ಚು ಕೂರುವುದಿಲ್ಲ. ಒಬ್ಬನ ಕೆಲಸ ನಿಂತರೆ ಹಿಂದಿರುವ ನಾಲ್ವರ ಕೆಲಸ ನಿಲ್ಲುತ್ತದೆ. ಇದು ಮಳೆ ಮಾಡುವ ಬಿಡುವು. ಇದಕ್ಕೆ ಯಾರನ್ನೂ ದೂರುವಂತಿಲ್ಲ.

ಆದರೆ ಇನ್ನೊಂದು ಬಿಡುವು ಇದೆ. ಅದನ್ನು ಮಾಡುವವರು ನಾವು. ಆಷಾಢ ಬಂತು, ಗೃಹಪ್ರವೇಶ ಬೇಡ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಶೂನ್ಯಮಾಸ, ಪಾಯ ತೆಗೆಯುವುದು ಬೇಡ. ಧನುರ್ಮಾಸದಲ್ಲಿ ಮಳೆ ಎಲ್ಲಿದೆ? ಆಕಾಶ ಶುಭ್ರ, ಹವೆ ತಂಪು. ಹಾಕಿದ ಕಾಂಕ್ರೀಟ್ ಬೇಗ ಒಣಗಿ ಬಿರಿಯುವುದಿಲ್ಲ, ನೀರುಣಿಸಿ ಹದ ಮಾಡುವುದು ಸುಲಭ. ಇಂಜಿನಿಯರ್ ಕಣ್ಣಿಗೆ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆ ತಿಂಗಳಲ್ಲೇ ನಾವು ಗಾರೆಯವನನ್ನು, ವೈರಿಂಗ್‌ನವನನ್ನು, ನಲ್ಲಿ ಕೆಲಸದವನನ್ನು ಮನೆಗೆ ಕಳಿಸುತ್ತೇವೆ. ಒಳ್ಳೆಯ ದಿನ ಕೆಟ್ಟ ದಿನ ಎಂಬ ಲೆಕ್ಕವನ್ನು ಶರಣರು 12ನೇ ಶತಮಾನದಲ್ಲೇ ತಳ್ಳಿಹಾಕಿದರು ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಮನೆ ಕಟ್ಟುವಾಗ ಮಾತ್ರ ಗೋಡೆಯ ಕ್ಯಾಲೆಂಡರ್ ತಿರುವುತ್ತೇವೆ.

‘ನಾವು’ ಎಂದು ಸುಮ್ಮನೆ ಅನ್ನಲಿಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ನಾನು ಮನೆ ಕಟ್ಟಿಸಿದೆ. ಜೂನ್ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯ ಹಿರಿಯರು, “ಆಷಾಢ ಕಳೆಯಲಿ” ಎಂದರು. ಕೊರಳಲ್ಲಿ ಇಷ್ಟಲಿಂಗ, ಗೋಡೆಯ ಮೇಲೆ ಬಸವಣ್ಣನವರ ಚಿತ್ರ ಇದ್ದ ನಾನು ತಲೆಯಾಡಿಸಿದೆ. ವೈರಿಂಗ್ ಮಾಡಿದವನ ಕೊನೆಯ ಬಿಲ್ಲು ಉಳಿದಿತ್ತು. ಎರಡು ಸಲ ಬಂದು ಕೇಳಿದ. “ಶ್ರಾವಣ ಬರಲಿ ಮಾರಾಯ, ದೀಪ ಹಚ್ಚಿದ ದಿನವೇ ಕೊಡುತ್ತೇನೆ” ಎಂದೆ. ಅದೇ ಎರಡು ತಿಂಗಳೂ ನನ್ನ ಸಂಬಳ ತಪ್ಪದೆ ಬಂತು. ನಾನಿದ್ದ ಕಡೆಯಲ್ಲೂ ಮಳೆಗಾಲದಲ್ಲಿ ಕೆಲಸ ಕಡಿಮೆ. ಕಿಟಕಿಯಿಂದ ಮಳೆ ನೋಡುತ್ತ ಫೈಲು ಮಗುಚಿದ್ದೇನೆ. ಆ ಸಂಬಳ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ನನಗೆ ಒಂದು ದಿನವೂ ಹುಟ್ಟಲಿಲ್ಲ. ಶ್ರಾವಣದಲ್ಲಿ ಹಣ ಕೊಡುವಾಗ ತಿಳಿಯಿತು, ಅವನು ಮನೆ ಖರ್ಚಿಗೆ ತನ್ನ ಡ್ರಿಲ್ಲಿಂಗ್ ಮೆಷಿನ್ನು ಅಡವಿಟ್ಟಿದ್ದ. ಕಾಯಕದವನು ಕಾಯಕದ ಸಲಕರಣೆಯನ್ನೇ ಅಡವಿಡುವಂತೆ ಮಾಡಿದವನು ನಾನು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕೂಲಿ ಬೇರೆ, ಸಂಬಳ ಬೇರೆ. ಕೂಲಿ ಆ ದಿನದ ಕೆಲಸಕ್ಕೆ ಸಲ್ಲುತ್ತದೆ. ಸಂಬಳ ಇಡೀ ವರ್ಷದ ಒಪ್ಪಂದ. ಮಾರ್ಚ್, ಏಪ್ರಿಲ್‌ನಲ್ಲಿ ಇದೇ ಹುಡುಗ ರಾತ್ರಿ ಒಂಬತ್ತರವರೆಗೆ ದುಡಿದಿದ್ದಾನೆ. ಹೆಚ್ಚಿಗೆ ಕೊಟ್ಟಿರಾ ಎಂದು ಮಾಲೀಕರನ್ನು ಕೇಳಿದರೆ, “ತಿಂಗಳ ಸಂಬಳದವನಲ್ಲವೇ?” ಎನ್ನುತ್ತಾರೆ. ಸರಿ, ಒಪ್ಪೋಣ. ಹಾಗಿದ್ದರೆ ಆಷಾಢದಲ್ಲೂ ಅವನು ತಿಂಗಳ ಸಂಬಳದವನೇ. ಬೇಸಿಗೆಯಲ್ಲಿ ಸಂಬಳದವನು, ಮಳೆಗಾಲದಲ್ಲಿ ಕೂಲಿಯವನು ಎಂದರೆ ಅದು ನ್ಯಾಯವಲ್ಲ. ಆದ್ದರಿಂದ ತಮ್ಮಾ, ನೀನು ಉಂಡದ್ದು ತಪ್ಪಲ್ಲ. ಏಪ್ರಿಲ್‌ನಲ್ಲಿ ಬಿತ್ತಿದ್ದನ್ನು ಜುಲೈನಲ್ಲಿ ಉಂಡೆ.

ಮಾಲೀಕರು ಎಲ್ಲಿಂದ ತರಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಹಾಕೋಣ. ಆರು ಜನ, ತಲಾ 18,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 1,08,000. ವರ್ಷದಲ್ಲಿ ಎರಡು ತಿಂಗಳು ಅರ್ಧ ಕೆಲಸವೇ ಇತ್ತು ಎಂದರೆ, ಕೆಲಸವಿಲ್ಲದೆ ಕೊಡಬೇಕಾದದ್ದು ಒಟ್ಟು 1,08,000. ಉಳಿದ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,800. ಆ ಮಾಲೀಕರು ತಿಂಗಳಿಗೆ ನಾಲ್ಕು ಲಕ್ಷದ ಬಿಲ್ಲು ಮಾಡಿದರೆ ಇದು ನೂರಕ್ಕೆ ಮೂರು ರೂಪಾಯಿಗೂ ಕಡಿಮೆ. ಕೊಟೇಷನ್ ಬರೆಯುವಾಗ ವೈರು, ಸ್ವಿಚ್ಚುಗಳ ಜೊತೆಗೆ ಇದನ್ನೂ ಸೇರಿಸಬೇಕು. ಮನೆ ಕಟ್ಟಿಸುವ ನಾವು ಅದನ್ನು ಚೌಕಾಸಿ ಮಾಡಿ ಹೊಡೆದುಹಾಕಬಾರದು.

ಇಲ್ಲಿ ಒಬ್ಬರು ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸಬಹುದು. ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ತಾಯಿ ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ವಾಪಸು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಹಾಗಾದರೆ ನಾಳೆಗೆ ಎತ್ತಿಡುವುದು ಶರಣಧರ್ಮವೇ? ನನಗೆ ತಿಳಿದಂತೆ ಲಕ್ಕಮ್ಮ ಬೇಡವೆಂದದ್ದು ಇನ್ನೊಬ್ಬರ ಪಾಲಾಗಬೇಕಾದ ಅಕ್ಕಿಯನ್ನು. ಆರು ಜನರ ಆಷಾಢದ ಊಟಕ್ಕೆಂದು ಮಾಲೀಕರು ಎತ್ತಿಟ್ಟ ಹಣ ಅವರದಲ್ಲ, ಆ ಆರು ಜನರದು. ಅದನ್ನು ಬೇಸಿಗೆಯಲ್ಲೇ ಲಾಭವೆಂದು ಮನೆಗೊಯ್ದರೆ ಅದೇ ಲಕ್ಕಮ್ಮ ವಾಪಸು ಕಳಿಸಿದ ಹೆಚ್ಚಿನ ಅಕ್ಕಿ.

ಕಾನೂನು ಏನು ಹೇಳುತ್ತದೆ? 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಒಂದು ಭಾಗ ಸೇರಿಸಿದರು. 50 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಲ್ಲಿ, ವರ್ಷ ಪೂರೈಸಿದ ಕಾರ್ಮಿಕನಿಗೆ ಕೆಲಸ ಕೊಡಲಾಗದ ದಿನಗಳಲ್ಲಿ ಮೂಲ ವೇತನ, ತುಟ್ಟಿಭತ್ಯೆಗಳ ಅರ್ಧದಷ್ಟು ಕೊಡಬೇಕೆಂಬ ತತ್ವ ಅಲ್ಲಿಂದ ಬಂತು. ಆದರೆ ಆರು ಜನರ ಅಂಗಡಿ ಆ 50ರ ಲೆಕ್ಕಕ್ಕೆ ಸಿಗುವುದಿಲ್ಲ. ಕಾನೂನಿನ ಕೈ ಚಾಚದ ಜಾಗದಲ್ಲೇ ಧರ್ಮಕ್ಕೆ ಕೆಲಸವಿರುವುದು. ಒಂದು ಮಾತು ಮಾತ್ರ ನೆನಪಿರಲಿ. ಕಟ್ಟಡ ಕಾರ್ಮಿಕರ ಲೆಕ್ಕದಲ್ಲಿ ವೈರಿಂಗ್, ಪ್ಲಂಬಿಂಗ್, ಬಣ್ಣ, ಮರಗೆಲಸದವರೂ ಸೇರುತ್ತಾರೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಕೆಲಸವಿಲ್ಲದ ಒಂದು ದಿನವನ್ನು ಅದಕ್ಕೆ ಕೊಡಿ.

ಇನ್ನು ಹುಡುಗನ ಪಾಲಿನ ಕರ್ತವ್ಯ. ಸಂಬಳ ತಪ್ಪಲ್ಲ ಎಂದೆ, ಸುಮ್ಮನೆ ಕೂರುವುದು ಸರಿ ಎನ್ನಲಿಲ್ಲ. ಭದ್ರಾ ನಾಲೆಯನ್ನು ನೋಡಿ. ನೀರು ಹರಿಯುವಾಗ ರೈತನಿಗೆ ಕೆಲಸ. ನೀರು ನಿಲ್ಲಿಸಿದಾಗ ನಾಲೆಗೆ ಕೆಲಸ. ಹೂಳೆತ್ತುವುದು, ಬಿರುಕಿಗೆ ಗಾರೆ ಹಾಕುವುದು, ಗೇಟಿನ ತುಕ್ಕು ಕೆರೆದು ಗ್ರೀಸ್ ಬಳಿಯುವುದು, ಎಲ್ಲವೂ ನಾಲೆ ಒಣಗಿದಾಗಲೇ ಆಗಬೇಕು. ಭದ್ರಾವತಿಯ ಹಿರಿಯರನ್ನು ಕೇಳಿ, ಕುಲುಮೆಯ ಒಳಗೋಡೆಯ ಇಟ್ಟಿಗೆ ಬದಲಿಸಬೇಕಾದರೆ ಕುಲುಮೆ ಆರಬೇಕು. ಬಿಡುವು ಎಂದರೆ ಕೆಲಸವಿಲ್ಲದ ಕಾಲವಲ್ಲ, ಬೇರೆ ಕೆಲಸದ ಕಾಲ.

ವೈರಿಂಗ್‌ನವನಿಗೆ ಆ ಬೇರೆ ಕೆಲಸ ಯಾವುದು? ಒದ್ದೆ ಗೋಡೆ ಮುಟ್ಟಿದರೆ ಜುಮ್ಮೆನ್ನುವ ಮನೆಗಳು ಈ ಊರಲ್ಲಿ ಎಷ್ಟಿಲ್ಲ! ಅರ್ಥಿಂಗ್ ಪರೀಕ್ಷೆ ಮಾಡುವುದು, ಸೋರಿಕೆ ಕರೆಂಟು ತಡೆಯುವ ಸ್ವಿಚ್ಚು ಕೂರಿಸುವುದು ಮಳೆಗಾಲದ್ದೇ ಕೆಲಸ. ಮಳೆ ಕಳೆದು ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಯಂತ್ರದ ಮೋಟಾರು ಕೆಟ್ಟಿದೆ ಎಂದು ರೈತರು ಓಡಿಬರುತ್ತಾರೆ. ಅವರ ಮನೆಗೆ ಆಷಾಢದಲ್ಲೇ ಹೋಗಿ ಸರ್ವಿಸ್ ಮಾಡಿಕೊಡಬಹುದು. ಮಾಲೀಕರೇ ಹೇಳಲಿ ಎಂದು ಕಾಯಬೇಡ, ನೀನೇ ಪಟ್ಟಿ ಮಾಡಿ ತೋರಿಸು. ವಿದ್ಯುತ್ ಪರಿವೀಕ್ಷಣಾ ಇಲಾಖೆ ಕೊಡುವ ವೈರ್‌ಮನ್ ಪರವಾನಗಿ ಇಲ್ಲದಿದ್ದರೆ ಆ ಪರೀಕ್ಷೆಗೆ ಓದು. ಆದರೆ ಮಾಲೀಕರ ಮಕ್ಕಳನ್ನು ಶಾಲೆಗೆ ಬಿಡುವುದು, ಅವರ ಕಾರು ತೊಳೆಯುವುದು ನಿನ್ನ ಕಾಯಕವಲ್ಲ. ಅದನ್ನು ವಿನಯದಿಂದಲೇ ಹೇಳು. ಸುರಿಯುವ ಮಳೆಯಲ್ಲಿ ಛಾವಣಿ ಹತ್ತು ಎಂದರೆ ವಿನಯವೂ ಬೇಡ, ಹತ್ತಬೇಡ.

ಕೊನೆಯದಾಗಿ ಭದ್ರಾವತಿಯ ಮಾತು. ಆ ಊರಿಗೆ ಸಂಬಳದ ರುಚಿ ಹತ್ತಿಸಿದ್ದು ಕಾರ್ಖಾನೆಗಳು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತರು. ಅದೇ ವರ್ಷ ಆಗಸ್ಟ್‌ನಲ್ಲಿ ಅಲ್ಲಿ ಕೆಲಸ ಮತ್ತೆ ಆರಂಭವಾಯಿತು. ಈ ಹುಡುಗನ ತಂದೆಯೂ ಗುತ್ತಿಗೆ ಕಾರ್ಮಿಕರೇ. ತಿಂಗಳಿಗೆ ಎಷ್ಟು ದಿನ ಕೆಲಸ ಎಂಬುದು ತಿಂಗಳು ಮುಗಿದ ಮೇಲೆ ಗೊತ್ತಾಗುತ್ತಿದ್ದ ಮನೆಯಲ್ಲಿ ಅವನು ಬೆಳೆದ. ಪೂರ್ತಿ ಸಂಬಳ ಕೈಗೆ ಬಂದಾಗ ಅವನಿಗೆ ಭಯವಾದದ್ದು ಅದಕ್ಕೇ ಎಂದು ನನಗೆ ತಡವಾಗಿ ಹೊಳೆಯಿತು. ಅವನಿಗೆ ಒಂದೇ ಎಚ್ಚರಿಕೆ ಹೇಳುತ್ತೇನೆ. ಋತುವಿನ ಬಿಡುವಿಗೆ ಕೊನೆಯಿದೆ. ದಸರಾ ಕಳೆದರೂ ಗೋಡೌನಿನಲ್ಲೇ ಕೂತಿದ್ದರೆ ಅದು ಬಿಡುವಲ್ಲ, ವ್ಯವಹಾರ ಕುಸಿಯುತ್ತಿದೆ. ಆಗ ಮಾಲೀಕರನ್ನು ನೇರವಾಗಿ ಕೇಳು, ಬೇರೆ ದಾರಿಯನ್ನೂ ನೋಡು. ಬೇಸಿಗೆಯ ಹೆಚ್ಚುವರಿ ಗಳಿಕೆ ಏನಾದರೂ ಇದ್ದರೆ ಒಂದು ತಿಂಗಳ ಮನೆಖರ್ಚಿನಷ್ಟು ಪೋಸ್ಟಾಫೀಸಿನಲ್ಲಿಡು.

ಬಂಧುಗಳೇ, ನಮ್ಮ ಪಾಲಿಗೆ ಮೂರು ಕೆಲಸಗಳಿವೆ. ಒಂದು, ಕೆಲಸ ಮುಗಿದ ವಾರದಲ್ಲೇ ಬಿಲ್ಲು ಕೊಡೋಣ. ಎರಡು, ಮಠ, ಸಮುದಾಯ ಭವನ, ಪ್ರಸಾದ ನಿಲಯಗಳ ಒಳಗಿನ ದುರಸ್ತಿಯನ್ನು ಆಷಾಢಕ್ಕೂ ಧನುರ್ಮಾಸಕ್ಕೂ ಎತ್ತಿಡೋಣ. ಪೂಜ್ಯರು ಒಪ್ಪಿದರೆ ಇದು ನಾಳೆಯೇ ಆಗುವ ಕೆಲಸ. ಮೂರು, ಮಳೆಯನ್ನು ನಿಲ್ಲಿಸಲು ನಮ್ಮಿಂದಾಗದು, ಶೂನ್ಯಮಾಸವನ್ನು ನಿಲ್ಲಿಸಬಹುದು. ಬರುವ ಧನುರ್ಮಾಸದಲ್ಲಿ ನನ್ನ ಮಗ ಇದೇ ಊರಿನಲ್ಲಿ ಮನೆಯ ಪಾಯ ಹಾಕುತ್ತಾನೆ. ವೈರಿಂಗ್ ಕೆಲಸ ಆ ಹುಡುಗನ ಮಾಲೀಕರಿಗೇ ಕೊಟ್ಟಿದ್ದೇವೆ. ಕೊಟೇಷನ್ನಿನಲ್ಲಿ ಆ ನೂರಕ್ಕೆ ಮೂರು ರೂಪಾಯಿ ಸೇರಿಸಿ ಎಂದು ನಾನೇ ಹೇಳಿದ್ದೇನೆ. ಪಾಯ ಹಾಕುವ ದಿನ ನೀವೆಲ್ಲ ಬರಬೇಕು.