ಅರಳುಮರಳಿನ ಹಾದಿ

ಮುಪ್ಪಿನ ಮರವೆಯ ವಿಷಯವಾಗಿ ನಮ್ಮಲ್ಲೊಂದು ಹಳೆಯ ಮಾತಿದೆ: ಅರವತ್ತಕ್ಕೆ ಅರಳುಮರಳು. ಈ ಮಾತಿನಲ್ಲಿ ಅರ್ಧ ಪರಿಹಾಸ್ಯ, ಅರ್ಧ ಕ್ಷಮೆ. ವಯಸ್ಸಾದ ಮೇಲೆ ಬುದ್ಧಿ ಮಸುಕಾಗುವುದು ಸಹಜವೆಂದು ಬಗೆದು ಮನೆಯವರು ಸುಮ್ಮನಾಗುತ್ತಾರೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ವಿವರಿಸಿದ ಮಿದುಳಿನ ರೋಗವೂ ಅಂಥ ಇತರ ಕಾಯಿಲೆಗಳೂ ತಂದೊಡ್ಡುವ ಈ ಸ್ಥಿತಿಗೆ ಡಿಮೆನ್ಷಿಯಾ ಎಂದು ಹೆಸರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಇದಕ್ಕೆ ಈಡಾಗಿದ್ದಾರೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು.

ಈ ರೋಗದ ಲಕ್ಷಣಗಳಲ್ಲಿ ಮನೆಯವರನ್ನು ಬಹಳವಾಗಿ ನಡುಗಿಸುವುದು ಒಂದು: ರೋಗಿ ಯಾರಿಗೂ ಹೇಳದೆ ಎದ್ದು ಹೊರಟುಬಿಡುವುದು. ಬಾಗಿಲು ತೆರೆದಿದೆ, ಕೋಲು ಕಾಣುವುದಿಲ್ಲ, ಅಜ್ಜ ಇಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಒಂದೇ ಹೆದ್ದಾರಿಯ ಮೇಲೆ ಪೋಣಿಸಿದಂತಿವೆ. ಬಸ್ಸು ಹತ್ತಿದರೆ ಹುಡುಕುವ ಸೀಮೆ ಕ್ಷಣದಲ್ಲಿ ಮೂರು ತಾಲ್ಲೂಕುಗಳಷ್ಟು ದೊಡ್ಡದಾಗುತ್ತದೆ. 2024ರಲ್ಲಿ ಸಿಂಧನೂರಿಗೆ ರೈಲೂ ಬಂದಿತು.

ಹೀಗೆ ಹೊರಟವರು ದಿಕ್ಕೆಟ್ಟು ಅಲೆಯುತ್ತಾರೆಂದು ನಾವು ಭಾವಿಸುತ್ತೇವೆ. ಆದರೆ ಅನೇಕ ವೇಳೆ ಅವರ ಮನಸ್ಸಿನಲ್ಲಿ ಒಂದು ಗುರಿ ಇದ್ದೇ ಇರುತ್ತದೆ. ಹತ್ತಿರದ ನೆನಪು ಮೊದಲು ಅಳಿಯುತ್ತದೆ, ದೂರದ ನೆನಪು ಉಳಿದಿರುತ್ತದೆ. ಮೊಮ್ಮಗನ ಹೆಸರು ಮರೆತ ಅಜ್ಜಿಗೆ ತವರಿನ ದಾರಿ ನೆನಪಿದೆ. ಸಂಜೆಯ ಮಬ್ಬು ಕವಿಯುತ್ತಲೂ ‘ಮನೆಗೆ ಹೋಗಬೇಕು’ ಎಂದು ಆಕೆ ಮನೆಯೊಳಗೇ ಕುಳಿತು ಹಟ ಹಿಡಿಯುವುದು ಇದರಿಂದಲೇ. ಹಟ್ಟಿಯ ಚಿನ್ನದ ಗಣಿಯಲ್ಲಿ ಬಾಳು ಸವೆಸಿದವನು ಪಾಳಿಯ ಹೊತ್ತಿಗೆ ಎದ್ದು ಅಂಗಿ ತೊಡಬಹುದು. ಒಕ್ಕಲಿಗನು ನಸುಕಿನಲ್ಲೇ ಹೊಲದ ಕಡೆ ನಡೆಯಬಹುದು.

ಅಪಾಯವಿರುವುದು ಇಲ್ಲಿಯೇ. ತುಂಗಭದ್ರಾ ಅಣೆಕಟ್ಟಿನ ಕೆಲಸ 1953ರಲ್ಲಿ ಮುಗಿಯಿತು. ಬಳಿಕ ಎಡದಂಡೆಯ ನೀರು ಹರಿದು ಸಿಂಧನೂರಿನ ಜೋಳದ ಎರೆಭೂಮಿ ಬತ್ತದ ಗದ್ದೆಯಾಯಿತು. ಎಂಬತ್ತು ದಾಟಿದ ಮುದುಕನ ನೆನಪಿನ ಕಾಲುಹಾದಿಯಲ್ಲಿ ಕಾಲುವೆ ಇಲ್ಲದಿರಬಹುದು. ಇಂದಿನ ನೆಲದ ಮೇಲೆ ಮಾತ್ರ ಅದು ತುಂಬಿ ಹರಿಯುತ್ತಿದೆ. ಆದುದರಿಂದ ಅಂಥವರನ್ನು ಕಾಯುವವರು ಎರಡು ಊರುಗಳನ್ನು ಬಲ್ಲವರಾಗಿರಬೇಕು: ಹಿರಿಯರ ನೆನಪಿನೊಳಗಿನ ಊರು, ಕಣ್ಣಮುಂದಿರುವ ಊರು. ಹುಟ್ಟಿದ ಮನೆ, ಹಳೆಯ ಹೊಲ, ದುಡಿದ ಜಾಗ, ನಡೆದುಕೊಳ್ಳುವ ದೇವರ ಗುಡಿ, ಇವನ್ನೆಲ್ಲ ಮೊದಲೇ ಬರೆದಿಡುವುದು ಒಳಿತು. ಹುಡುಕುವಾಗ ಕಾಲುವೆ, ಕೆರೆ, ಬಾವಿಗಳನ್ನು ಮೊದಲು ನೋಡಬೇಕು. ಬಸ್ ನಿಲ್ದಾಣಕ್ಕೂ ಆಗಲೇ ಒಬ್ಬರನ್ನು ಅಟ್ಟಬೇಕು.

ಭಾಷೆಯ ತೊಡಕೊಂದುಂಟು. ಸಿಂಧನೂರಿನ ಸುತ್ತಣ ಕ್ಯಾಂಪುಗಳಲ್ಲಿ ಬಂಗಾಳಿ ಹಾಗೂ ತೆಲುಗು ಮಾತನಾಡುವ ಕುಟುಂಬಗಳು ನೆಲೆಸಿವೆ. ಮರವೆ ಬಲಿತಾಗ ಎಷ್ಟೋ ಮಂದಿಗೆ ನಡುವೆ ಕಲಿತ ಭಾಷೆ ಜಾರಿ, ತಾಯಿಮಾತೊಂದೇ ಉಳಿಯುತ್ತದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರಿಸದ ಮುದುಕನನ್ನು ಕುಡುಕನೆಂದೋ ಹುಚ್ಚನೆಂದೋ ದೂರ ಸರಿಸುವುದು ಸಲ್ಲದು.

ಹೆಸರೊಂದು ಬರೆದಿದ್ದರೆ ಎಷ್ಟು ಗೊಂದಲ ತಪ್ಪೀತೆಂಬುದಕ್ಕೆ ಮಸ್ಕಿಯೇ ಸಾಕ್ಷಿ. ಅಲ್ಲಿಯ ಬಂಡೆಯ ಶಾಸನ 1915ರಲ್ಲಿ ಬೆಳಕಿಗೆ ಬರುವವರೆಗೆ, ಓದಿದ್ದ ಶಾಸನಗಳಲ್ಲಿ ಆ ಚಕ್ರವರ್ತಿಯ ಬಿರುದುಗಳಷ್ಟೇ ಕಾಣುತ್ತಿದ್ದವು. ಮಸ್ಕಿಯ ಕಲ್ಲು ಅಶೋಕನೆಂಬ ಹೆಸರನ್ನು ಹೊತ್ತಿತ್ತು. ತನ್ನ ಹೆಸರನ್ನೇ ಹೇಳಲಾರದ ಹಿರಿಯನಿಗೂ ಅಂಥದೊಂದು ಬರಹ ಬೇಕು. ಅಂಗಿಯ ಒಳಮಗ್ಗುಲಲ್ಲಿ, ಕುಬಸದ ಅಂಚಿನಲ್ಲಿ ಮನೆಯವರ ಫೋನ್ ಸಂಖ್ಯೆಯನ್ನು ಹೊಲಿಯಬಹುದು. ಕೈಬಳೆಯ ಮೇಲೆ ಕೊರೆಸಬಹುದು. ಜೇಬಿನ ಚೀಟಿ ಕಳೆದೀತು, ಹೊಲಿದದ್ದು ಕಳೆಯದು. ಇರುವ ಜಾಗವನ್ನು ತಿಳಿಸುವ ಜಿಪಿಎಸ್ ಗಡಿಯಾರಗಳೂ ಇಂದು ದೊರೆಯುತ್ತವೆ. ಆದರೆ ಚಾರ್ಜ್ ಮುಗಿದರೆ ಅವು ಮೂಕ. ಬಿಚ್ಚಿಟ್ಟು ಹೋದರೆ ನಿರರ್ಥಕ.

ಹಿರಿಯರು ಕಾಣೆಯಾದೊಡನೆ ಪೊಲೀಸರಿಗೆ ತಿಳಿಸಬೇಕು. ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬುದು ಬರಿಯ ತಪ್ಪು ತಿಳಿವಳಿಕೆ, ಅಂಥ ನಿಯಮವಿಲ್ಲ. 112ಕ್ಕೆ ಕರೆ ಮಾಡಬಹುದು. ಹಿರಿಯರ ನೆರವಿಗೆಂದೇ 14567 ಎಂಬ ಸಹಾಯವಾಣಿಯಿದೆ. ಇತ್ತೀಚಿನ ಭಾವಚಿತ್ರ, ಅಂದು ತೊಟ್ಟ ಬಟ್ಟೆಯ ಬಣ್ಣ, ಮೈಮೇಲಿನ ಗುರುತು, ಇವು ಸಿದ್ಧವಿದ್ದರೆ ಅಮೂಲ್ಯವಾದ ಮೊದಲ ಗಂಟೆ ಉಳಿಯುತ್ತದೆ.

ಚಿಲಕ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಾಗಿಲಿಗೆ ಗೆಜ್ಜೆ ಕಟ್ಟುವುದು ಬೇರೆ, ಮನುಷ್ಯನನ್ನು ಕೂಡಿಹಾಕುವುದು ಬೇರೆ. ಕೂಡಿಹಾಕಿದಷ್ಟೂ ತಳಮಳ ಹೆಚ್ಚುತ್ತದೆ. ಬೆಂಕಿ ಬಿದ್ದರೆ ಬೀಗವೇ ಮೃತ್ಯು. ದಿನಕ್ಕೊಮ್ಮೆ ಕೈಹಿಡಿದು ಹೊಲದವರೆಗೆ ನಡೆಸಿ ಕರೆತಂದರೆ ಆ ತಳಮಳ ಎಷ್ಟೋ ಇಳಿದೀತು.

ಆದರೆ ಕೈಹಿಡಿಯುವವರು ಯಾರು? ಲಿಂಗಸುಗೂರು, ಮಸ್ಕಿಗಳ ಒಣಭೂಮಿಯ ಹಳ್ಳಿಗಳಿಂದ ದುಡಿಯುವ ಮಕ್ಕಳು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಮುದುಕನನ್ನು ಮುದುಕಿಯೇ ಕಾಯಬೇಕು. ಗಂಡಾಳು ಉಳಿದ ಮನೆಯಲ್ಲಿಯೂ ಈ ಭಾರ ಸಾಮಾನ್ಯವಾಗಿ ಸೊಸೆಯ ಹೆಗಲಿನದೇ. ಹಗಲು ಕೂಲಿ, ರಾತ್ರಿ ಹೊಸ್ತಿಲಿಗೆ ಅಡ್ಡ ಮಲಗಿ ಅರೆನಿದ್ದೆ. ಒಬ್ಬರ ಕಣ್ಣು ಎಷ್ಟೆಂದು ಎಚ್ಚರವಿದ್ದೀತು?

ಜಪಾನಿನಲ್ಲಿ 2023ರಲ್ಲಿ ಈ ರೋಗದ 19 ಸಾವಿರಕ್ಕೂ ಮೇಲ್ಪಟ್ಟು ಮಂದಿ ಕಾಣೆಯಾದರೆಂದು ಪೊಲೀಸರಿಗೆ ದೂರು ಬಂದಿತ್ತು. ಆ ದೇಶದ ಓಮುತ ಎಂಬ ಪಟ್ಟಣದಲ್ಲಿ ಕಳೆದುಹೋದ ಹಿರಿಯರನ್ನು ಹುಡುಕುವ ತಾಲೀಮನ್ನು ಊರಿನವರೇ ನಡೆಸುತ್ತ ಬಂದಿದ್ದಾರೆ. ನಮ್ಮಲ್ಲಿ ಅದಕ್ಕೆ ಬೇಕಾದ ಜನ ಆಗಲೇ ಇದ್ದಾರೆ: ಚಹದಂಗಡಿಯವರು, ಬಸ್ ಕಂಡಕ್ಟರು, ಆಶಾ ಕಾರ್ಯಕರ್ತೆಯರು, ಕಾಲುವೆಯ ನೀರುಗಂಟಿಗಳು. ಕೊರತೆಯಿರುವುದು ಒಂದರದು. ಮನೆಯವರು ಮರ್ಯಾದೆಗೆ ಅಂಜಿ ಕಾಯಿಲೆಯನ್ನು ಮುಚ್ಚಿಡುತ್ತಾರೆ. ‘ನಮ್ಮ ಅಪ್ಪನಿಗೆ ಮರವೆ ಹತ್ತಿದೆ, ಒಬ್ಬನೇ ಕಂಡರೆ ಕೂಡಿಸಿ ನೀರು ಕೊಟ್ಟು ನಮಗೆ ತಿಳಿಸಿರಿ’ ಎಂಬ ಮಾತನ್ನು ಓಣಿಯ ಹತ್ತು ಮನೆಗಳಿಗೆ ಇಂದೇ ಹೇಳಿಡುವುದರಲ್ಲಿ ನಾಚಿಕೆಯಿಲ್ಲ. ಬರಲಿರುವ ಒಂದು ಇರುಳಿನಲ್ಲಿ ಜೀವ ಉಳಿಸುವುದು ಆ ಮಾತೇ ಆದೀತು.